ಕುದುರೆಮುಖದ ಶಿಬಿರ: ವಿಹಾರವೋ, ವಿದ್ಯೆಯೋ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ನಮ್ಮ ವಾರ್ಷಿಕ ಸಭೆಯಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಸಿಇಟಿ ತರಬೇತಿ ಇಂಥ ವಿಷಯಗಳ ಮೇಲೆ ಮಾತು ನಡೆಯುತ್ತದೆ. ಈ ಸಲ ಕಾರ್ಯದರ್ಶಿಗಳು ನನಗೆ ಬೇರೆ ವಿಷಯ ಕೊಟ್ಟಿದ್ದಾರೆ. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಇಪ್ಪತ್ತನಾಲ್ಕು ವಿದ್ಯಾರ್ಥಿಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಎರಡು ರಾತ್ರಿ ಡೇರೆಯಲ್ಲಿ ತಂಗಿ ಬಂದರು. ಅವರ ಜೊತೆ ಹೋದ ಅಧ್ಯಾಪಕರಲ್ಲಿ ನಾನೂ ಒಬ್ಬ. ಶಿಬಿರದ ಬಗ್ಗೆ ಸಭೆಗೆ ಹೇಳಬೇಕೆಂದು ಅವರು ಅಪ್ಪಣೆ ಮಾಡಿದ್ದಾರೆ.

ಆದರೆ ಇದು ಬರೀ ವರದಿ ಓದುವ ಕೆಲಸವಲ್ಲ ಎಂದು ನನಗೆ ಗೊತ್ತು. ಈ ಶಿಬಿರವನ್ನು ಮುಂದಿನ ವರ್ಷವೂ ನಡೆಸಬೇಕೇ, ಹೆಣ್ಣುಮಕ್ಕಳನ್ನು ಮತ್ತೆ ಕಳಿಸಬೇಕೇ ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯ ಮುಂದಿದೆ. ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು: "ಮಾಸ್ತರ್ ಸಾಹೇಬ್, ಕಾಡನ್ನು ಟಿ.ವಿ.ಯಲ್ಲೂ ನೋಡಬಹುದಲ್ಲ? ಅದೇ ಹಣದಲ್ಲಿ ನಾಲ್ಕು ಬಡ ಮಕ್ಕಳ ಫೀಸು ಕಟ್ಟಬಹುದಿತ್ತು." ಅವರು ಸಂಘಕ್ಕಾಗಿ ಜೀವ ತೇಯ್ದವರು. ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂದಿನ ನನ್ನ ಮಾತು ಅವರಿಗೆ ನಾನು ಕೊಡಬೇಕಾದ ಉತ್ತರ ಎಂದೇ ತಿಳಿಯಿರಿ.

ಮೊದಲು ಹಣದ ಮಾತು ಮುಗಿಸುತ್ತೇನೆ. ಶಿಬಿರಕ್ಕೆ ಝಕಾತ್ ನಿಧಿಯಿಂದಾಗಲಿ, ವಿದ್ಯಾರ್ಥಿವೇತನದ ನಿಧಿಯಿಂದಾಗಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಕೊಡಲು ಶಕ್ತಿಯಿದ್ದವರು ತಮ್ಮ ಪಾಲು ಕೊಟ್ಟರು. ಶಕ್ತಿಯಿಲ್ಲದ ಒಂಬತ್ತು ಮಕ್ಕಳ ಪಾಲನ್ನು ದಾನಿಗಳು ಇದೇ ಉದ್ದೇಶಕ್ಕೆಂದು ಹೇಳಿ ಕೊಟ್ಟರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಮಕ್ಕಳಿಗೆ ಗೊತ್ತಾಗದಂತೆ ನೋಡಿಕೊಂಡಿದ್ದೇವೆ.

ಇನ್ನು ಕುದುರೆಮುಖವನ್ನೇ ಏಕೆ ಆರಿಸಿಕೊಂಡೆವು? ಚಿಕ್ಕಮಗಳೂರು ಜಿಲ್ಲೆಯ ಈ ಬೆಟ್ಟವನ್ನು ಒಂದು ದಿಕ್ಕಿನಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಪಶ್ಚಿಮಘಟ್ಟದಲ್ಲಿ ಮಾತ್ರ ಬದುಕುವ ಸಿಂಗಳೀಕ ಎಂಬ ಕಪ್ಪು ಕೋತಿಯ ಬಗ್ಗೆ ಡಾ. ಕೆ. ಉಲ್ಲಾಸ ಕಾರಂತರು 1980ರ ದಶಕದಲ್ಲಿ ಮಾಡಿದ ಸಮೀಕ್ಷೆ ಈ ಘೋಷಣೆಗೆ ನೆರವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಯ್ದ ತಾಣಗಳಲ್ಲಿ ಕುದುರೆಮುಖವೂ ಒಂದಾಗಿತ್ತು.

ಶುಕ್ರವಾರ ಇಶಾ ನಮಾಝ್ ಮುಗಿಸಿ ಆರ್.ಟಿ. ನಗರದಿಂದ ಹೊರಟೆವು. ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ನೆಲಮಂಗಲ, ಹಾಸನ, ಬೇಲೂರು ಮಾರ್ಗ. ಮೂಡಿಗೆರೆಯ ಮಸೀದಿಯೊಂದರಲ್ಲಿ ಫಜ್ರ್ ನಮಾಝ್. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ. ಅಲ್ಲಿಂದ ಕಳಸದ ದಾರಿಯಲ್ಲಿ ಕಾಫಿತೋಟಗಳ ನಡುವೆ ಸಾಗಿ ಉದ್ಯಾನ ಮುಟ್ಟುವಾಗ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ರಾತ್ರಿಯೆಲ್ಲ ಗಲಾಟೆ ಮಾಡಿದ ಹುಡುಗರು ಕಿಟಕಿಯಾಚೆ ಹಸಿರು ಬೆಟ್ಟಗಳ ಸಾಲು ಕಂಡೊಡನೆ ತಾವಾಗಿಯೇ ಸುಮ್ಮನಾದರು.

ಮಕ್ಕಳಿಗೆ ಮೊದಲು ಹೇಳಬೇಕಾಗಿದ್ದು ಕಾನೂನಿನ ವಿಷಯ. ರಾಷ್ಟ್ರೀಯ ಉದ್ಯಾನವೆಂದರೆ ಕಬ್ಬನ್ ಪಾರ್ಕ್‌ನಂಥ ಉದ್ಯಾನವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವುದೂ ಅಪರಾಧ, ತಂಗುವುದೂ ಅಪರಾಧ. ಬೇಕಾದ ಕಡೆ ಡೇರೆ ಹೊಡೆದು, ಕಟ್ಟಿಗೆ ಆಯ್ದು, ಬೆಂಕಿ ಹಾಕಿಕೊಂಡು ಕೂರುವುದು ಸಿನಿಮಾದಲ್ಲಿ ಮಾತ್ರ. ನಾವು ತಂಗಿದ್ದು ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರದಲ್ಲಿ, ಮುಂಚಿತವಾಗಿ ಅನುಮತಿ ಪಡೆದು. ಶಿಖರದ ಚಾರಣಕ್ಕೂ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಬೇಕು, ಸಂಜೆಯೊಳಗೆ ಇಳಿದುಬರಬೇಕು. ಮೊದಲ ಸಲ ಬೆಟ್ಟ ಹತ್ತುವ ಮಕ್ಕಳೇ ಹೆಚ್ಚಿದ್ದುದರಿಂದ ನಾವು ಶಿಖರಕ್ಕೆ ಹೋಗಲಿಲ್ಲ. ಮಾರ್ಗದರ್ಶಿಯ ಜೊತೆ ಹುಲ್ಲುಗಾವಲಿನವರೆಗೆ ನಡೆದು ಬಂದೆವು.

ಪ್ರಯಾಣದಲ್ಲಿ ಮೂವರಿದ್ದರೂ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಮಾತನ್ನು ನಾವೆಲ್ಲ ಖುತುಬಾಗಳಲ್ಲಿ ಕೇಳಿದ್ದೇವೆ. ಶಿಬಿರದಲ್ಲಿ ಅದನ್ನು ಮಾಡಿ ನೋಡಿದೆವು. ಆರು ಆರು ಮಕ್ಕಳ ನಾಲ್ಕು ಗುಂಪು, ಪ್ರತಿ ಗುಂಪಿಗೆ ದಿನಕ್ಕೊಬ್ಬ ಅಮೀರ್. ಅಮೀರ್ ಎಂದರೆ ಆಜ್ಞೆ ಮಾಡುವವನು ಎಂದುಕೊಂಡಿದ್ದ ಹುಡುಗನಿಗೆ ಮೊದಲ ಮಧ್ಯಾಹ್ನವೇ ಅರ್ಥವಾಯಿತು, ಎಲ್ಲರ ಊಟವಾದ ಮೇಲೆ ಊಟ ಮಾಡುವವನು, ಎಲ್ಲರೂ ಮಲಗಿದ ಮೇಲೆ ಮಲಗುವವನು ಅಮೀರ್ ಎಂದು. ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತದ ಹುಡುಗರು ಇಲ್ಲಿ ಸರದಿಯ ಮೇಲೆ ಎಲ್ಲರ ತಟ್ಟೆ ತೊಳೆದರು. ಅವರ ಅಮ್ಮಂದಿರು ಈ ಸಭೆಯಲ್ಲಿದ್ದಾರೆ. ಅಭ್ಯಾಸ ಮನೆಯಲ್ಲೂ ಮುಂದುವರಿದಿದೆಯೇ ಎಂಬುದನ್ನು ಅವರೇ ಹೇಳಬೇಕು!

ನೀರಿನ ಪಾಠ ಇನ್ನೂ ದೊಡ್ಡದು. ಹರಿಯುವ ನದಿಯ ದಡದಲ್ಲಿದ್ದರೂ ವುಝೂ ಮಾಡುವಾಗ ನೀರನ್ನು ಪೋಲು ಮಾಡಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತು. ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸಿನಲ್ಲಿದೆ. ಮುದ್ದ್ ಎಂದರೆ ಹೆಚ್ಚೂ ಕಡಿಮೆ ನಮ್ಮ ಬೊಗಸೆಯ ಅಳತೆ. ನಲ್ಲಿ ತಿರುಗಿಸಿಟ್ಟು ವುಝೂ ಮಾಡುವ ನಮಗೆ ಅದು ಕಥೆಯಂತೆ ಕೇಳಿಸುತ್ತದೆ. ಶಿಬಿರದಲ್ಲಿ ತಲೆಗೊಂದು ಸಣ್ಣ ಚೊಂಬು ಎಂದು ನಿಯಮ ಮಾಡಿದೆವು. ಹಳ್ಳದ ನೀರಿಗೆ ಸಾಬೂನು ಮುಟ್ಟಿಸುವಂತಿರಲಿಲ್ಲ. ಮೊದಲ ದಿನ ಗೊಣಗಿದವರು ಎರಡನೆಯ ದಿನ ಚೊಂಬಿನಲ್ಲಿ ನೀರು ಉಳಿಸಿ ತೋರಿಸಿದರು.

ಆ ಹಳ್ಳದ ನೀರು ಡಿಸೆಂಬರ್‌ನಲ್ಲೂ ಹರಿಯುತ್ತಿರುವುದೇಕೆ? ಇದನ್ನು ವಿವರಿಸಿದ್ದು ಪಠ್ಯಪುಸ್ತಕವಲ್ಲ, ಅಲ್ಲಿನ ಮಾರ್ಗದರ್ಶಿ. ಕುದುರೆಮುಖದಲ್ಲಿ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ನಮ್ಮ ಬೆಂಗಳೂರಿನಲ್ಲಿ 1,000 ಮಿಲಿಮೀಟರ್ ಮುಟ್ಟುವುದೇ ಕಷ್ಟ. ಅಂದರೆ ನಮ್ಮ ಆರು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ. ಬೆಟ್ಟದ ಮೈಮೇಲಿನ ಹುಲ್ಲು ಆ ಮಳೆಯ ಹೊಡೆತ ತಡೆದುಕೊಂಡು ಮಣ್ಣನ್ನು ಬೇರುಗಳಲ್ಲಿ ಹಿಡಿದಿಡುತ್ತದೆ. ನೀರು ನಿಧಾನವಾಗಿ ಇಂಗುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಶೋಲಾ ಕಾಡು ಒತ್ತಾಗಿ ಬೆಳೆದು ನೆರಳು, ತಂಪು ಕೊಡುತ್ತದೆ. ಇಂಗಿದ ನೀರು ಅಲ್ಲಿ ಝರಿಯಾಗಿ ಹೊರಬಂದು ಬೇಸಿಗೆಯಲ್ಲೂ ಹರಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳು ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಒಂದು ಪಶ್ಚಿಮಕ್ಕೆ ಹರಿದು ಮಂಗಳೂರಿಗೆ ನೀರು ಕೊಡುತ್ತದೆ. ಇನ್ನೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ಬರೀ ಹುಲ್ಲು ಬೆಳೆದ ಗುಡ್ಡವೆಂದರೆ ಕೆಲಸಕ್ಕೆ ಬಾರದ ಜಾಗ ಎಂದುಕೊಂಡಿದ್ದ ನಮ್ಮ ಮಕ್ಕಳಿಗೆ ಇದು ಹೊಸ ತಿಳಿವಳಿಕೆ.

ಅಲ್ಲಿನ ಇನ್ನೊಂದು ಪಾಠವನ್ನೂ ಹೇಳಬೇಕು. ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. 1976ರಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣ ಅದಿರು ಕಂಪನಿಯನ್ನು ಸ್ಥಾಪಿಸಿತು. ಯೋಜನೆಗೆ ಸಾಲ ಕೊಟ್ಟು ಅದಿರನ್ನು ಕೊಳ್ಳಬೇಕಾಗಿದ್ದುದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಇರಾನ್ ಹಿಂದೆ ಸರಿಯಿತು. ಟೆಹರಾನಿನ ಬೀದಿಯಲ್ಲಿ ನಡೆದ ಘಟನೆ ಮಲೆನಾಡಿನ ಒಂದು ಕಣಿವೆಗೆ ತಟ್ಟಿತು ಎಂದರೆ ಮಕ್ಕಳಿಗೆ ಆಶ್ಚರ್ಯ! ಆದರೂ ಕೆಲಸ ನಿಲ್ಲಲಿಲ್ಲ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿದ್ದರು. ಉಳಿದ ಕೆಸರನ್ನು ತಡೆದಿಡಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಸೇರುತ್ತಿದೆ ಎಂಬ ಕೂಗು ಎದ್ದಿತು. 1969ರಲ್ಲಿ ಕೊಟ್ಟಿದ್ದ ಮೂವತ್ತು ವರ್ಷದ ಗುತ್ತಿಗೆ 1999ರಲ್ಲಿ ಮುಗಿದಾಗ, ಮುಂದುವರಿಸಬಾರದೆಂದು ಹೋರಾಟ ನಡೆಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೊರೆ ಹೋದರು. 2002ರ ಅಕ್ಟೋಬರ್ 30ರಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಅದರಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಈ ಕಥೆ ಹೇಳಿದ ರಾತ್ರಿ, ಹೆಬ್ಬಾಳದ ಕಡೆಯ ಒಬ್ಬ ಹುಡುಗಿ ಕೇಳಿದಳು: "ಸರ್, ಅಲ್ಲಿ ಕೆಲಸ ಮಾಡುತ್ತಿದ್ದವರು ಏನಾದರು?" ಅವಳ ತಂದೆ ಕೆಲಸ ಮಾಡುತ್ತಿದ್ದ ಸಣ್ಣ ಕಾರ್ಖಾನೆ ಮುಚ್ಚಿಹೋಗಿ ಮನೆ ಎರಡು ವರ್ಷ ಕಷ್ಟಪಟ್ಟಿತ್ತು. ಅದು ಅವಳ ಪ್ರಶ್ನೆಯ ಹಿಂದಿತ್ತು. ಗಣಿಗಾಗಿ ಕಟ್ಟಿದ ಕುದುರೆಮುಖ ಪಟ್ಟಣವನ್ನು ನಾವು ಹಗಲಿನಲ್ಲಿ ನೋಡಿದ್ದೆವು. ಸಾಲುಸಾಲು ಮನೆಗಳು ಖಾಲಿ ಬಿದ್ದಿವೆ, ಅಂಗಳದಲ್ಲಿ ಹುಲ್ಲು ಬೆಳೆದಿದೆ. ಒಂದು ಕಾಲದಲ್ಲಿ ಅಲ್ಲಿ ಶಾಲೆಯ ಗಂಟೆ ಬಾರಿಸುತ್ತಿತ್ತು, ಮಕ್ಕಳು ಆಡುತ್ತಿದ್ದರು. ಒಬ್ಬ ಹುಡುಗ, ಗಣಿ ನಿಲ್ಲಿಸಿದ್ದು ತಪ್ಪು ಎಂದ. ಇನ್ನೊಬ್ಬ, ಭದ್ರಾ ಅಣೆಕಟ್ಟೆಯ ನೀರನ್ನೇ ನಂಬಿರುವ ರೈತರಿಗೆ ಯಾರು ಜವಾಬ್ದಾರರು ಎಂದ. ರಾತ್ರಿ ಹತ್ತರವರೆಗೆ ಚರ್ಚೆ ನಡೆಯಿತು. ನಾವು ಅಧ್ಯಾಪಕರು ತೀರ್ಪು ಕೊಡಲಿಲ್ಲ. ಭೂಮಿಯ ಮೇಲೆ ಮನುಷ್ಯ ಅಲ್ಲಾಹನ ಖಲೀಫ, ಅಂದರೆ ಒಡೆಯನಲ್ಲ, ನೋಡಿಕೊಳ್ಳುವ ಹೊಣೆ ಹೊತ್ತವನು ಎಂದು ಕುರ್‌ಆನ್ ಹೇಳುತ್ತದೆ. ಆ ಹೊಣೆ ಕಾಡಿನ ಬಗ್ಗೆಯೂ ಇದೆ, ಕೆಲಸ ಕಳೆದುಕೊಂಡವನ ಬಗ್ಗೆಯೂ ಇದೆ. ಎರಡನ್ನೂ ತೂಗಿ ನೋಡಬಲ್ಲ ಅಧಿಕಾರಿಗಳು, ವಕೀಲರು, ಎಂಜಿನಿಯರುಗಳು ನಮ್ಮ ಮಕ್ಕಳಲ್ಲಿ ಹುಟ್ಟಬೇಕು. ಪರೀಕ್ಷೆಯ ಅಂಕಗಳಿಂದ ಆ ತೂಕ ಬರುವುದಿಲ್ಲ.

ಭಾಷೆಯ ವಿಷಯವನ್ನೂ ಹೇಳಲೇಬೇಕು. ನಮ್ಮ ಬಹಳ ಮನೆಗಳಲ್ಲಿ ದಖನಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಎಂದರೆ ಪರೀಕ್ಷೆಗೆ ಓದುವ ಒಂದು ವಿಷಯ ಎಂಬ ಭಾವನೆ ಮಕ್ಕಳಲ್ಲಿದೆ. ಮಾರ್ಗದರ್ಶಿ ಮಾತನಾಡುತ್ತಿದ್ದುದು ಮಲೆನಾಡಿನ ಕನ್ನಡ. ಕಾಟಿ, ಕೆಂದಳಿಲು, ಮಂಗಟ್ಟೆ, ಇಂಬಳ ಎಂದು ಅವರು ಹೇಳುತ್ತ ಹೋದಂತೆ ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡರು. ಯಾರೂ ಹೇಳದೆ ಬರೆದುಕೊಂಡ ಕನ್ನಡ ಅದು. ಈ ನೆಲದ ಮರಕ್ಕೆ, ಹಕ್ಕಿಗೆ ಈ ನೆಲದ ಭಾಷೆಯಲ್ಲಿ ಹೆಸರು ಹೇಳಬಲ್ಲವನನ್ನು ಯಾರೂ ಹೊರಗಿನವನು ಎನ್ನಲಾರರು.

ಇನ್ನು ಹಕ್ಕಿಗಳ ಮಾತು ಬಂದರೆ ಡಾ. ಸಲೀಂ ಅಲಿಯವರನ್ನು ನೆನೆಯದೆ ಇರುವುದು ಹೇಗೆ? 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವರು. ತಾನು ಹೊಡೆದ ಗುಬ್ಬಿಯೊಂದರ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಹುಡುಗ ಅವರು. ಆ ಒಂದು ಪ್ರಶ್ನೆ ಅವರ ಬದುಕಿನ ದಾರಿಯಾಯಿತು. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರ್ಕಾರಿ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು. ಎದೆಗುಂದದೆ ಜರ್ಮನಿಗೆ ಹೋಗಿ ಕಲಿತು ಬಂದರು. ಸಂಸ್ಥಾನಗಳನ್ನು ಸುತ್ತಿ ಪಕ್ಷಿ ಸಮೀಕ್ಷೆ ನಡೆಸಿದರು. 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕಾಡುಗಳಲ್ಲೂ ಡೇರೆ ಹಾಕಿ ಕೆಲಸ ಮಾಡಿದರು. 1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಎಷ್ಟೋ ತಲೆಮಾರುಗಳಿಗೆ ಗುರುವಾಯಿತು. 1976ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟು ಗೌರವಿಸಿತು. ಡಾಕ್ಟರು, ಎಂಜಿನಿಯರುಗಳಲ್ಲದೆ ನಮ್ಮ ಸಮುದಾಯಕ್ಕೆ ಇಂಥ ದಾರಿಗಳೂ ಇವೆ ಎಂದು ಮಕ್ಕಳಿಗೆ ತೋರಿಸುವವರು ಯಾರು? ಮರಿಗಳನ್ನು ಎತ್ತಿಕೊಂಡ ಸಹಾಬಿಗಳಿಗೆ, ತಾಯಿಹಕ್ಕಿಯ ಸಂಕಟ ಕಂಡ ಪ್ರವಾದಿ(ಸ) ಮರಿಗಳನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ನಾವು ಓದಿದ್ದೇವೆ. ಆ ಕರುಣೆಗೆ ವಿಜ್ಞಾನದ ಕಣ್ಣು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಸಲೀಂ ಅಲಿಯವರ ಬದುಕು ಸಾಕ್ಷಿ.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಇಪ್ಪತ್ತನಾಲ್ಕು ಜನರಲ್ಲಿ ಹತ್ತು ಮಂದಿ ಹುಡುಗಿಯರು. ಹೆಸರು ಕೊಟ್ಟಿದ್ದವರು ಹದಿನಾಲ್ಕು ಮಂದಿ. ನಾಲ್ವರನ್ನು ಮನೆಯವರು ಕೊನೆಯ ವಾರ ಬೇಡವೆಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ನಾನೂ ಒಬ್ಬ ಮಗಳ ತಂದೆ. ಆದ್ದರಿಂದಲೇ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತೇನೆ. ಇಬ್ಬರು ಅಧ್ಯಾಪಕಿಯರು ಮತ್ತು ಇಬ್ಬರು ತಾಯಂದಿರು ಇಡೀ ಪ್ರವಾಸದಲ್ಲಿ ಜೊತೆಗಿದ್ದರು. ಹುಡುಗಿಯರ ಡೇರೆಗಳು ಬೇರೆ ಬದಿಯಲ್ಲಿ, ಅವರ ಕಣ್ಣೆದುರಿಗೇ ಇದ್ದವು. ಕತ್ತಲಾದ ಮೇಲೆ ಯಾರೂ ಶಿಬಿರದ ಬೇಲಿ ದಾಟಲಿಲ್ಲ. ನಮಾಝಿಗೆ ಪ್ರತ್ಯೇಕ ಜಾಗವಿತ್ತು. ಊಟದ ಬಗ್ಗೆ ಸಂಶಯ ಬೇಡವೆಂದು ಅಷ್ಟೂ ದಿನ ಸಸ್ಯಾಹಾರವನ್ನೇ ಇಟ್ಟುಕೊಂಡೆವು.

ಜೊತೆಗೆ ಬಂದ ತಾಯಂದಿರಲ್ಲಿ ಒಬ್ಬರು ಮನೆಯಲ್ಲಿ ಹೊಲಿಗೆ ಮಾಡಿ ಮೂವರು ಮಕ್ಕಳನ್ನು ಓದಿಸುತ್ತಿರುವವರು. ಮದುವೆಯಾದ ಮೇಲೆ ದರ್ಗಾ, ಮದುವೆ, ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಪ್ರಯಾಣ ಮಾಡಿರಲಿಲ್ಲವಂತೆ. ಎರಡನೆಯ ದಿನ ಹುಲ್ಲುಗಾವಲಿನ ದಿಬ್ಬದ ಮೇಲೆ ಅಸ್ರ್ ನಮಾಝ್ ಮುಗಿಸಿ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ನಮ್ಮ ಅಧ್ಯಾಪಕಿಗೆ ಹೇಳಿದ ಮಾತು ಇಷ್ಟೇ: "ಬಾಜಿ, ಸುಬ್‌ಹಾನಲ್ಲಾಹ್ ಎಂದು ದಿನಾ ಹೇಳುತ್ತೇನೆ. ಇವತ್ತು ನೋಡಿ ಹೇಳಿದೆ." ಈ ಮಾತಿಗೆ ನಾನು ಏನನ್ನೂ ಸೇರಿಸಲಾರೆ. ಆ ನಾಲ್ವರು ಹುಡುಗಿಯರಿಗೂ ಈ ಅವಕಾಶ ಸಿಗಬೇಕು. ಮುಂದಿನ ಸಲ ಮನೆಯವರಿಗೆ ಸಂಶಯವಿದ್ದರೆ ತಾಯಿಯೂ ಬರಲಿ, ಅಕ್ಕನೂ ಬರಲಿ. ಆದರೆ ಬೇಡ ಎಂಬ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾಡು ನೋಡಿ ಬಂದವರಿಗೆ ಊರಿನಲ್ಲಿ ಏನು ಕೆಲಸ? ಇದು ಮುಖ್ಯ ಪ್ರಶ್ನೆ. ನಾವು ಕುಡಿಯುವ ಕಾವೇರಿಯೂ ಅದೇ ಪಶ್ಚಿಮಘಟ್ಟದ ಮಗಳು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ಆ ನೀರನ್ನು ಬೆಂಗಳೂರಿಗೆ ತರುತ್ತಾರೆ. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾದು ನಿಂತದ್ದು ನಿಮಗೆ ನೆನಪಿರಬೇಕು. ಯಲಹಂಕದ ಆಚೆ ಹೆಸರಘಟ್ಟವಿದೆ. ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು ಅಲ್ಲಿಂದ. ಅಲ್ಲಿಯೂ ಹುಲ್ಲುಗಾವಲಿದೆ. ನಿನ್ನೆಯವರೆಗೆ ಅದು ನಮ್ಮ ಮಕ್ಕಳಿಗೆ ಖಾಲಿ ಮೈದಾನವಾಗಿತ್ತು. ಕುದುರೆಮುಖ ನೋಡಿ ಬಂದ ಮೇಲೆ ಅದು ನೀರು ಇಂಗುವ ಜಾಗ, ಹಕ್ಕಿ ಗೂಡು ಕಟ್ಟುವ ಜಾಗ ಎಂದು ಕಾಣತೊಡಗಿದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಹೆಬ್ಬಾಳ ಕೆರೆ ನಮ್ಮ ಮೇಲುಸೇತುವೆಯ ಕೆಳಗೇ ಇದೆ. ದಿನಾ ಅದರ ಮೇಲೆ ಹಾದುಹೋಗುವ ನಾವು ಎಷ್ಟು ಸಲ ಇಳಿದು ನೋಡಿದ್ದೇವೆ?

ಶಿಬಿರಕ್ಕೆ ಹೋಗಿಬಂದ ಮಕ್ಕಳೇ ಸೇರಿ ಮೂರು ಸಲಹೆಗಳನ್ನು ಬರೆದುಕೊಟ್ಟಿದ್ದಾರೆ. ಒಂದು, ತಿಂಗಳಿಗೊಂದು ಭಾನುವಾರ ಫಜ್ರ್ ಆದ ಮೇಲೆ ಪುಟ್ಟೇನಹಳ್ಳಿ ಅಥವಾ ಹೆಬ್ಬಾಳ ಕೆರೆಯಲ್ಲಿ ಹಕ್ಕಿಗಳನ್ನು ಗುರುತಿಸಿ ದಾಖಲಿಸುವುದು. ಇದಕ್ಕೆ ಬಸ್ಸಿನ ಖರ್ಚು ಬಿಟ್ಟು ಬೇರೇನೂ ಬೇಡ, ದೂರದ ಶಿಬಿರಕ್ಕೆ ಬರಲಾಗದವರೂ ಬರಬಹುದು. ಎರಡು, ನಮ್ಮ ಮಸೀದಿಗಳ ವುಝೂ ಖಾನೆಗಳಲ್ಲಿ ಸೋರುವ ನಲ್ಲಿಗಳನ್ನು ಲೆಕ್ಕ ಮಾಡಿ, ಮುತವಲ್ಲಿಗಳ ಒಪ್ಪಿಗೆಯಿಂದ ಸರಿಪಡಿಸುವುದು, ವುಝೂವಿನ ನೀರನ್ನು ಗಿಡಗಳಿಗೆ ಹರಿಸುವುದು. ಮೂರು, ವರ್ಷಕ್ಕೊಮ್ಮೆ ದೊಡ್ಡ ಶಿಬಿರ, ಆದರೆ ಮಳೆಗಾಲದಲ್ಲಿ ಬೇಡ, ಪರೀಕ್ಷೆಯ ಹತ್ತಿರ ಬೇಡ, ಮೂವತ್ತಕ್ಕಿಂತ ಹೆಚ್ಚು ಜನ ಬೇಡ. ಈ ಬರಹದ ಕೆಳಗೆ ಇಪ್ಪತ್ತನಾಲ್ಕು ಸಹಿಗಳಿವೆ. ಅದನ್ನು ಅಧ್ಯಕ್ಷರಿಗೆ ಈಗಲೇ ಒಪ್ಪಿಸುತ್ತಿದ್ದೇನೆ.

ಪ್ರಶ್ನೆ ಕೇಳಿದ ಹಿರಿಯರಿಗೆ ಕೊನೆಯದಾಗಿ ಒಂದು ಮಾತು. ಜನಾಬ್, ಫೀಸು ಕಟ್ಟುವ ಕೆಲಸ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಯಾಮತ್ ಬಂದೇಬಿಟ್ಟಿದೆ ಎನ್ನುವಾಗಲೂ ಕೈಯಲ್ಲಿ ಸಸಿಯಿದ್ದರೆ ಅದನ್ನು ನೆಟ್ಟುಬಿಡಿ ಎಂಬ ಅರ್ಥದ ಬೋಧನೆ ನಮ್ಮ ಪ್ರವಾದಿಯವರದು(ಸ). ಫಲ ಸಿಗುವುದೋ ಇಲ್ಲವೋ ಎಂದು ಲೆಕ್ಕ ಹಾಕದೆ ಮಾಡುವ ಕೆಲಸಗಳೂ ಇರುತ್ತವೆ. ಈ ಶಿಬಿರವನ್ನು ಅಂಥದೊಂದು ಸಸಿ ಎಂದು ತಿಳಿದು, ಇನ್ನೊಂದು ವರ್ಷ ನೀರು ಹಾಕಲು ಅನುಮತಿ ಕೊಡಿ.

 ನಮ್ಮ ಮಕ್ಕಳಿಗೆ ಅಲ್ಲಾಹನು ಪ್ರಯೋಜನಕಾರಿಯಾದ ಜ್ಞಾನವನ್ನೂ, ಅದನ್ನು ಊರಿಗೂ ನಾಡಿಗೂ ಬಳಸುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.

ವಸ್ಸಲಾಮು ಅಲೈಕುಮ್.